ತಂದೆಗೆ, ಬೆಂಗಳೂರಿನಿಂದ

(ಹತ್ತೊಂಬತ್ತನೇ ಶತಮಾನದ ಕೆಲವು ಖಗೋಳ ಪತ್ರಗಳು: ಆರ್.ಟಿ. ನಗರದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಅಂಚೆ ಇಲಾಖೆಯಲ್ಲಿ ದುಡಿದ ಹಿರಿಯರೊಬ್ಬರ ನೆನಪಿಗೆ ಅವರ ಮಕ್ಕಳು ಇಟ್ಟ ದತ್ತಿ ಇದು. ವಿಜ್ಞಾನದ ಬಗ್ಗೆ ಏನಾದರೂ ಮಾತಾಡಿ ಎಂದು ಸಂಘಟಕರು ಕೇಳಿದಾಗ, ಟಪಾಲಿನಲ್ಲಿ ಓಡಾಡಿದ ವಿಜ್ಞಾನದ ಬಗ್ಗೆಯೇ ಮಾತಾಡೋಣ ಅನ್ನಿಸಿತು. ಒಪ್ಪಿಕೊಂಡ ಅವರಿಗೆ ಕೃತಜ್ಞ.

ಬೆಂಗಳೂರಿನ ವಿಜ್ಞಾನದ ಕಥೆ ಹೇಳುವವರು ಸಾಮಾನ್ಯವಾಗಿ 1909ರಿಂದ ಶುರುಮಾಡುತ್ತಾರೆ. ಯಶವಂತಪುರದ ದಾರಿಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಬಂತು, ಆಮೇಲೆ ರಾಮನ್ ಬಂದರು, ಆಮೇಲೆ ಎಚ್‌ಎಎಲ್, ಇಸ್ರೊ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಕಟ್ಟಡ ಎದ್ದ ಮೇಲೆಯೇ ವಿಜ್ಞಾನವೂ ಬಂತು ಎಂದುಕೊಂಡರೆ ಅದಕ್ಕೆ ನನ್ನ ಒಪ್ಪಿಗೆಯಿಲ್ಲ. ಅದಕ್ಕೂ 40 ವರ್ಷ ಮೊದಲೇ ಇದೇ ಊರಿನಲ್ಲಿ ಕೂತು ಒಬ್ಬರು ಆಕಾಶ ನೋಡಿ ಕಾಗದ ಬರೆಯುತ್ತಿದ್ದರು. ಆ ಕಾಗದಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಸಭೆಗಳಲ್ಲಿ ಓದಿದರು, ಅಚ್ಚು ಹಾಕಿಸಿದರು. ಅವುಗಳಲ್ಲಿ ಕೆಲವು ಸರಿ, ಒಂದಂತೂ ಘನವಾಗಿ ತಪ್ಪು. ಇವತ್ತಿನ ಮಾತೆಲ್ಲ ಹೆಚ್ಚುಕಡಿಮೆ ಆ ತಪ್ಪಿನ ಸುತ್ತಲೇ ಸುತ್ತುತ್ತದೆ.

ಮೊದಲು ಜಾಗ ಗುರುತಿಸಿಕೊಳ್ಳೋಣ. ನಾವು ಕೂತಿರುವ ಈ ಸಭಾಂಗಣದಿಂದ ಮೇಕ್ರಿ ಸರ್ಕಲ್ ದೂರವೇನಲ್ಲ. ಬಳ್ಳಾರಿ ರಸ್ತೆಯ ಆ ಗದ್ದಲದಲ್ಲಿ ವಿಮಾನ ನಿಲ್ದಾಣಕ್ಕೆ ಓಡುವ ಯಾರೂ ತಿರುಗಿ ನೋಡದ ಹಳೆಯ ಸಣ್ಣ ಗೋಪುರವೊಂದು ಅಲ್ಲಿದೆ. ಅದು ಇಡೀ ದೇಶವನ್ನು ತ್ರಿಕೋನಗಳ ಲೆಕ್ಕದಲ್ಲಿ ಅಳೆದ ಗ್ರೇಟ್ ಟ್ರಿಗೊನೊಮೆಟ್ರಿಕಲ್ ಸರ್ವೆಯವರದು. ಅದರ ಜೋಡಿ ಈಶಾನ್ಯಕ್ಕೆ, ಹೆಣ್ಣೂರು–ಬಾಗಲೂರು ರಸ್ತೆಯ ಕಣ್ಣೂರಿನಲ್ಲಿತ್ತು. ‘ಇತ್ತು’ ಅನ್ನಬೇಕು, ಅದು ನೆಲಸಮವಾಗಿದೆ ಎಂಬ ಸುದ್ದಿ 2024ರಲ್ಲಿ ಪತ್ರಿಕೆಗಳಲ್ಲಿ ಬಂತು. ಈ ಎರಡು ಗೋಪುರಗಳ ನಡುವಿನ ಸುಮಾರು 7 ಮೈಲಿಯೇ ಸರ್ವೆಯ ಕಡತಗಳಲ್ಲಿ ಬರುವ ‘ಬೆಂಗಳೂರು ಆಧಾರರೇಖೆ’. ಅಳೆದದ್ದು 1867–68ರಲ್ಲಿ. ಇಡೀ ಹಿಂದೂಸ್ಥಾನದಲ್ಲಿ ಇಂಥ ಆಧಾರರೇಖೆಗಳು ಹತ್ತು. ಕನ್ನಡ ನೆಲದಲ್ಲಿ ಇನ್ನೊಂದು ಬೀದರಿನಲ್ಲಿ, 1841ರದು. ಅದಕ್ಕೂ ಹಿಂದೆ, ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಯಲಲ್ಲಿ ಉಕ್ಕಿನ ಸರಪಳಿ ಎಳೆದು ತನ್ನ ಮೊದಲ ರೇಖೆ ಅಳೆದಿದ್ದ.

1868ರ ಹೊತ್ತಿಗೆ ಸರಪಳಿ ಹೋಗಿ ಕೋಲ್ಬಿಯ ಪಟ್ಟಿಗಳು ಬಂದಿದ್ದವು. ಹತ್ತು ಅಡಿಯ ಕಬ್ಬಿಣದ ಪಟ್ಟಿ, ಪಕ್ಕದಲ್ಲಿ ಅಷ್ಟೇ ಉದ್ದದ ಹಿತ್ತಾಳೆಯದು, ಎರಡನ್ನೂ ನಡುಮಧ್ಯದಲ್ಲಿ ಬಿಗಿದಿರುತ್ತಾರೆ. ಬಿಸಿಲಿಗೆ ಹಿತ್ತಾಳೆ ಜಾಸ್ತಿ ಹಿಗ್ಗುತ್ತದೆ, ಕಬ್ಬಿಣ ಕಡಿಮೆ. ಎರಡರ ತುದಿಗೂ ಅಡ್ಡಲಾಗಿ ಕೂರಿಸಿದ ಉಕ್ಕಿನ ನಾಲಿಗೆ ಆಗ ತುಸು ಓರೆಯಾಗುತ್ತದೆ. ಆದರೆ ಲೆಕ್ಕಹಾಕಿ ಆ ನಾಲಿಗೆಯ ಮೇಲೆ ಇಟ್ಟ ಒಂದು ಚುಕ್ಕೆ ಇದ್ದಲ್ಲೇ ಇರುತ್ತದೆ. ಈ ತುದಿಯ ಚುಕ್ಕೆಯಿಂದ ಆ ತುದಿಯ ಚುಕ್ಕೆಗೆ, ಬೆಳಗಿನ ಚಳಿಯಲ್ಲೂ ಮಧ್ಯಾಹ್ನದ ಬಿಸಿಲಲ್ಲೂ, ಹತ್ತೇ ಅಡಿ. ಇಂಥ ಆರು ಪಟ್ಟಿಗಳನ್ನು ಡೇರೆಯ ನೆರಳಲ್ಲಿ ಸಾಲಾಗಿ ಇಟ್ಟು, ಒಂದಕ್ಕೊಂದು ತಾಗದಂತೆ ನಡುವೆ ಸೂಕ್ಷ್ಮದರ್ಶಕ ಕೂರಿಸಿದರೆ ಒಂದು ಸಲಕ್ಕೆ 63 ಅಡಿ ಮುಗಿಯುತ್ತದೆ. ಮೇಕ್ರಿ ಸರ್ಕಲ್ಲಿನಿಂದ ಕಣ್ಣೂರಿಗೆ ಹೀಗೆ ಆರುನೂರು ಸಲದ ಆಸುಪಾಸು ಎತ್ತಿ ಇಡಬೇಕು. ಎತ್ತಿ ಇಟ್ಟವರು ಖಲಾಸಿಗಳು. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈ ಸರ್ವೆಯಲ್ಲಿದ್ದ ಒಬ್ಬ ಎಂಜಿನಿಯರ್ ಲೆಫ್ಟಿನೆಂಟ್, ಜಾನ್ ಹರ್ಷೆಲ್. ಹೆಸರು ಕೇಳಿದ ಕೂಡಲೇ ಯುರೇನಸ್ ಗ್ರಹ ನೆನಪಾದರೆ ಅದು ಸರಿಯೇ. ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲ್ ಈತನ ಅಜ್ಜ. ತಂದೆ ಸರ್ ಜಾನ್ ಹರ್ಷೆಲ್, ಆ ಕಾಲದ ಇಂಗ್ಲೆಂಡಿನಲ್ಲಿ ವಿಜ್ಞಾನ ಅಂದರೆ ನೆನಪಾಗುತ್ತಿದ್ದ ಮುಖ. ಒಬ್ಬ ಅಣ್ಣ ವಿಲಿಯಂ, ಬಂಗಾಳದಲ್ಲಿ ಕರಾರುಪತ್ರಗಳ ಮೇಲೆ ಹೆಬ್ಬೆಟ್ಟು ಒತ್ತಿಸಿ ಬೆರಳಚ್ಚಿನ ವಿದ್ಯೆಗೆ ದಾರಿ ಹಾಕಿದ ಅಧಿಕಾರಿ. ಇನ್ನೊಬ್ಬ ಅಣ್ಣ ಅಲೆಕ್ಸಾಂಡರ್, ಉಲ್ಕೆಗಳ ಪಂಡಿತ. ಇಂಥ ಮನೆಯಲ್ಲಿ ಕ್ಷೇಮ ಸಮಾಚಾರದ ಕಾಗದದಲ್ಲೂ ನಕ್ಷತ್ರಗಳ ಸುದ್ದಿ ಬರದೆ ಇರುವುದಿಲ್ಲ. ಸರ್ ಜಾನ್ ಒಬ್ಬರ ಪತ್ರವ್ಯವಹಾರದ್ದೇ ಪಟ್ಟಿ ಮಾಡಿದಾಗ 14,000ಕ್ಕೂ ಹೆಚ್ಚು ಕಾಗದಗಳು ಸಿಕ್ಕವು. ಇವತ್ತು ನಾವು ಫೋನಿನಲ್ಲಿ ಒತ್ತುವ ಸಂದೇಶಗಳ ಲೆಕ್ಕಕ್ಕೆ ಅದು ದೊಡ್ಡದಲ್ಲ, ನಿಜ. ಆದರೆ ಆ ಸಂದೇಶಗಳನ್ನು ಯಾರೂ ಪಟ್ಟಿ ಮಾಡಲಾರರು.

ರಾಯಲ್ ಸೊಸೈಟಿ ಈ ಲೆಫ್ಟಿನೆಂಟನಿಗೆ ಒಂದು ದೂರದರ್ಶಕ, ಬೆಳಕನ್ನು ಬಣ್ಣಗಳಾಗಿ ಒಡೆದು ತೋರಿಸುವ ರೋಹಿತದರ್ಶಕ ಮತ್ತು ಎರಡು ಕೆಲಸ ಕೊಟ್ಟಿತು. ಒಂದು, 1868ರ ಆಗಸ್ಟಿನ ಖಗ್ರಾಸ ಸೂರ್ಯಗ್ರಹಣ. ಇನ್ನೊಂದು, ಇಂಗ್ಲೆಂಡಿನಿಂದ ಕಾಣದ ದಕ್ಷಿಣದ ನೀಹಾರಿಕೆಗಳು. ಆಗಿನ್ನೂ ನಾಲ್ಕು ವರ್ಷದ ಹಿಂದೆ ವಿಲಿಯಂ ಹಗ್ಗಿನ್ಸ್ ಒಂದು ನೀಹಾರಿಕೆಯ ಬೆಳಕನ್ನು ಒಡೆದು ನೋಡಿ, ಅದು ನಕ್ಷತ್ರಗಳ ಗುಂಪಲ್ಲ, ಕಾದ ಅನಿಲ ಎಂದು ತೋರಿಸಿದ್ದ. ಉತ್ತರದ ಆಕಾಶ ಹಗ್ಗಿನ್ಸ್‌ಗೆ ಸಿಕ್ಕಿತ್ತು, ದಕ್ಷಿಣದ್ದು ಬೆಂಗಳೂರಿಗೆ ಸಿಕ್ಕಿತು.

ಇಲ್ಲಿ ತಂದೆ–ಮಗನ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು. ಸರ್ ಜಾನ್ 1834ರಿಂದ 1838ರವರೆಗೆ ಆಫ್ರಿಕದ ಕೇಪ್‌ನಲ್ಲಿ ಮನೆ ಮಾಡಿ ದಕ್ಷಿಣದ ಆಕಾಶವನ್ನೆಲ್ಲ ಗುಡಿಸಿ ಪಟ್ಟಿ ಮಾಡಿದ್ದರು. ನಮ್ಮ ಲೆಫ್ಟಿನೆಂಟ್ ಹುಟ್ಟಿದ್ದೇ ಅಲ್ಲಿ, 1837ರ ಅಕ್ಟೋಬರ್‌ನಲ್ಲಿ. ಮಗು ಹುಟ್ಟಿ ಒಂದೂವರೆ ತಿಂಗಳಾಗಿತ್ತು. ಡಿಸೆಂಬರಿನ ಒಂದು ರಾತ್ರಿ ಅಪ್ಪ ದೂರದರ್ಶಕದಿಂದ ಕಣ್ಣು ತೆಗೆದು ನೋಡಿದರೆ ಈಟಾ ಆರ್ಗಸ್ ನಕ್ಷತ್ರ ಇದ್ದಕ್ಕಿದ್ದಂತೆ ಉರಿದೆದ್ದಿತ್ತು. ಇವತ್ತು ನಾವು ಈಟಾ ಕರೀನೆ ಅನ್ನುವ ನಕ್ಷತ್ರ ಅದು. ಅದರ ಸುತ್ತಲಿನ ನೀಹಾರಿಕೆಯನ್ನು ಅವರು ಒಂದೊಂದು ಮಡಿಕೆ, ಒಂದೊಂದು ನಕ್ಷತ್ರ ಗುರುತಿಸಿ ತಿಂಗಳುಗಟ್ಟಲೆ ಕೂತು ಬರೆದರು.

ಮೂವತ್ತು ವರ್ಷ ಕಳೆಯಿತು. ಟಾಸ್ಮೇನಿಯಾದ ಹೋಬಾರ್ಟ್‌ನಲ್ಲಿ ಫ್ರಾನ್ಸಿಸ್ ಅಬಾಟ್ ಎಂಬ ಗಡಿಯಾರ ರಿಪೇರಿಯವನಿದ್ದ. ಗಡೀಪಾರಿನ ಶಿಕ್ಷೆಯಾಗಿ ಹಡಗು ಹತ್ತಿ ಅಲ್ಲಿಗೆ ಹೋದವನು, ಶಿಕ್ಷೆ ಮುಗಿದ ಮೇಲೆ ಅಲ್ಲೇ ನಿಂತು ಆಕಾಶ ನೋಡುತ್ತಿದ್ದ. ಅವನು ಲಂಡನ್ನಿಗೆ ಪತ್ರದ ಮೇಲೆ ಪತ್ರ ಬರೆದ: ನೀಹಾರಿಕೆ ಬದಲಾಗಿದೆ, ಸರ್ ಜಾನ್ ಬರೆದ ಚಿತ್ರಕ್ಕೂ ಈಗಿನದಕ್ಕೂ ತಾಳೆಯಿಲ್ಲ. ಸರ್ ಜಾನ್‌ಗೆ ಆಗ ಎಪ್ಪತ್ತೈದು ದಾಟಿತ್ತು. ಆ ನಕ್ಷತ್ರ ಇಂಗ್ಲೆಂಡಿನಲ್ಲಿ ಎಂದೂ ಹುಟ್ಟುವುದಿಲ್ಲ. ಕೆಂಟ್ ಸೀಮೆಯ ಮನೆಯಂಗಳದಲ್ಲಿ ನಿಂತು ಮುದುಕರು ಎಷ್ಟು ಕತ್ತು ಚಾಚಿದರೂ ಕಾಣದು. ಬೆಂಗಳೂರಿನಲ್ಲಿ ಅದು ದಕ್ಷಿಣ ದಿಗಂತದಿಂದ ಹದಿನೇಳು ಡಿಗ್ರಿಯಷ್ಟು ಮೇಲೇರುತ್ತದೆ. ಮಗ ತನ್ನ ಐದು ಇಂಚಿನ ದೂರದರ್ಶಕವನ್ನು ಅತ್ತ ತಿರುಗಿಸಿದ, ಅಪ್ಪನ ಚಿತ್ರದೊಂದಿಗೆ ಹೋಲಿಸಿದ, ಚಿತ್ರ ಸರಿಯಾಗಿಯೇ ಇದೆ ಎಂದು ಬರೆದ. ಅದು ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯ ಮಾಸಿಕದಲ್ಲಿ ಅಚ್ಚಾಯಿತು.

ಅಪ್ಪನ ಪರ ಮಗನ ಸಾಕ್ಷಿ, ಕೋರ್ಟಿನಲ್ಲಿ ನಿಲ್ಲುತ್ತದೆಯೇ ಎಂದು ನೀವು ಕೇಳಬಹುದು. ಅಬಾಟ್ ಪಾಪ ಒಬ್ಬಂಟಿ. ಈ ಕಡೆ ಇಡೀ ವಂಶ. ಆದರೆ ನೀಹಾರಿಕೆ ಮಾತ್ರ ವಂಶ ನೋಡಲಿಲ್ಲ, ಆಮೇಲೆ ನೋಡಿದವರಿಗೂ ಹರ್ಷೆಲ್ ಚಿತ್ರವೇ ಸರಿ ಎಂದು ಕಂಡಿತು.

ಇನ್ನು ಗ್ರಹಣಕ್ಕೆ ಬರೋಣ. 1868ರ ಆಗಸ್ಟ್ 18, ಶ್ರಾವಣ ಅಮಾವಾಸ್ಯೆ, ಮಂಗಳವಾರ. ನೆರಳಿನ ಪಟ್ಟೆ ಅರಬ್ಬೀ ಸಮುದ್ರದಿಂದ ಹತ್ತಿ ಬಂದು ಬಿಜಾಪುರ, ಜಮಖಂಡಿ ಸೀಮೆಯ ಮೇಲೆ ಹಾದು ಗುಂಟೂರು, ಮಚಲೀಪಟ್ಟಣದ ಕಡೆ ಹೋಯಿತು. ಗುಂಟೂರಿನಲ್ಲಿ ಮೇಜರ್ ಟೆನಂಟ್ ಮತ್ತು ಫ್ರಾನ್ಸಿನ ಜಾನ್ಸೆನ್, ಮಚಲೀಪಟ್ಟಣದಲ್ಲಿ ಮದರಾಸು ವೀಕ್ಷಣಾಲಯದ ಪಾಗ್ಸನ್, ಬಿಜಾಪುರದಲ್ಲಿ ಕ್ಯಾಪ್ಟನ್ ಹೇಗ್. ಹರ್ಷೆಲ್ ಆರಿಸಿಕೊಂಡದ್ದು ಜಮಖಂಡಿ, ಜೊತೆಗೆ ಕ್ಯಾಂಪ್‌ಬೆಲ್ ಎಂಬ ಇನ್ನೊಬ್ಬ ಲೆಫ್ಟಿನೆಂಟ್. ಶ್ರಾವಣದ ಮೋಡ ಗೊತ್ತಲ್ಲ. ಬೆಳಗಿನಿಂದಲೇ ಮೋಡ ತೇಲಿ ತೇಲಿ ಬರುತ್ತಿದ್ದವು. ವರ್ಷದ ಸಿದ್ಧತೆ, ಸಮುದ್ರ ದಾಟಿ ಬಂದ ಯಂತ್ರ, ಸಿಗುವುದು ಸುಮಾರು ಐದು ನಿಮಿಷದ ಕತ್ತಲು. ಆ ಕತ್ತಲಾಗುವ ಹೊತ್ತಿಗೇ ಸೂರ್ಯನ ಮುಂದೆ ಮೋಡ.

ಮೋಡ ಸರಿದದ್ದು ತುಸುಹೊತ್ತು. ಅಷ್ಟರಲ್ಲಿ ಸೂರ್ಯನ ಅಂಚಿನಿಂದ ಮೇಲೆದ್ದ ಜ್ವಾಲೆಯೊಂದರ ಮೇಲೆ ರೋಹಿತದರ್ಶಕ ಹಿಡಿದ ಹರ್ಷೆಲ್‌ಗೆ ಮೂರು ಗೆರೆ ಕಂಡವು: ಕೆಂಪು, ಕಿತ್ತಳೆ, ನೀಲಿ. ಗೆರೆ ಕಂಡವು ಅಂದರೆ ಆ ಜ್ವಾಲೆ ಅನಿಲ ಎಂದು ಸಾಬೀತಾದಂತೆ. ಒಂದು ದೊಡ್ಡ ಪ್ರಶ್ನೆಗೆ ಉತ್ತರ ಸಿಕ್ಕಿತು. ಕಿತ್ತಳೆ ಗೆರೆಯ ಜಾಗ ಅಳೆದ, ನೀಲಿಯದನ್ನೂ ಅಳೆದ, ಕೆಂಪಿಗೆ ಹೋಗುವಷ್ಟರಲ್ಲಿ ಮತ್ತೆ ಮೋಡ. ಆಮೇಲೆ ಬರೆದ ವರದಿಯಲ್ಲಿ, ಕಿತ್ತಳೆ ಗೆರೆ ಸೋಡಿಯಂನ ‘ಡಿ’ ಗೆರೆಯೇ, ತನ್ನ ಉಪಕರಣ ಹೇಳಬಲ್ಲ ಮಟ್ಟಿಗೆ ಅದರಲ್ಲಿ ಅನುಮಾನವೇ ಇಲ್ಲ ಎಂದು ಸಾರಿಬಿಟ್ಟ.

ಅದು ಸೋಡಿಯಂ ಆಗಿರಲಿಲ್ಲ. ಹೀಲಿಯಂ.

ಭೂಮಿಯ ಮೇಲೆ ಆವರೆಗೆ ಯಾರೂ ಕಾಣದ ವಸ್ತು ಜಮಖಂಡಿಯ ಮೋಡದ ಕಿಂಡಿಯಲ್ಲಿ ಅವನ ಕಣ್ಣಿಗೆ ಬಿದ್ದಿತ್ತು. ಅವನು ಅದಕ್ಕೆ ಅಡುಗೆಮನೆಯ ಉಪ್ಪಿನಲ್ಲಿರುವ ಸೋಡಿಯಂನ ಹೆಸರು ಕೊಟ್ಟ. ಪಠ್ಯಪುಸ್ತಕಗಳಲ್ಲಿ ಈ ಗ್ರಹಣ ಬಂದಾಗ ಹೀಲಿಯಂ ಪತ್ತೆಯಾಯಿತು ಎಂದು ಒಂದು ವಾಕ್ಯ ಬರೆದು ಮುಂದೆ ಹೋಗುತ್ತಾರೆ. ಪತ್ತೆ ಅಂದು ಆಗಲಿಲ್ಲ, ಗೆರೆ ಮಾತ್ರ ಕಂಡಿತು. ಕಂಡವರು ಹಲವರು, ಇದು ಏನು ಎಂದು ಅಂದು ಯಾರಿಗೂ ತಿಳಿಯಲಿಲ್ಲ. ಈ ನಡುವಿನ ಗಲಿಬಿಲಿ ಉಳಿದಿರುವುದು ಕಾಗದಗಳಲ್ಲಿ ಮತ್ತು ಕಾಗದದಂತೆ ತಾರೀಖು ಹಾಕಿ ಕಳಿಸಿದ ವರದಿಗಳಲ್ಲಿ ಮಾತ್ರ. ಆಮೇಲೆ ತಿದ್ದಿ ಬರೆದ ಪುಸ್ತಕದಲ್ಲಿ ಅದಕ್ಕೆ ಜಾಗವಿಲ್ಲ. ಅನುಮಾನವೇ ಇಲ್ಲ ಎಂದವನು ‘ನನ್ನ ಉಪಕರಣದ ಮಟ್ಟಿಗೆ’ ಎಂದು ಸೇರಿಸಿದ್ದನಲ್ಲ, ಅವನ ಇಡೀ ವರದಿಯಲ್ಲಿ ನನಗೆ ಮುಖ್ಯವಾದದ್ದು ಆ ಮಾತು.

ಗುಂಟೂರಿನ ಜಾನ್ಸೆನ್ ಕಥೆ ಬೇರೆ. ಗೆರೆಗಳು ಎಷ್ಟು ಪ್ರಖರವಾಗಿದ್ದವೆಂದರೆ ಗ್ರಹಣ ಬಿಟ್ಟ ಮೇಲೂ ಇವು ಕಾಣಲೇಬೇಕು ಅನ್ನಿಸಿತು ಅವನಿಗೆ. ಮಾರನೆಯ ಬೆಳಿಗ್ಗೆ ನೋಡಿದ, ಕಂಡವು. ತಿಂಗಳಾದ ಮೇಲೆ ಸೆಪ್ಟೆಂಬರ್ 19ರಂದು ಕಾಕಿನಾಡದಿಂದ ಪ್ಯಾರಿಸ್ಸಿನ ಅಕಾಡೆಮಿಗೆ ಕಾಗದ ಹಾಕಿದ. ಸೂಯೆಜ್ ಕಾಲುವೆ ಆಗಿನ್ನೂ ತೆರೆದಿರಲಿಲ್ಲ. ಟಪಾಲು ಹಡಗಿನಲ್ಲಿ ಸೂಯೆಜ್‌ವರೆಗೆ, ಅಲ್ಲಿಂದ ಈಜಿಪ್ಟಿನ ಮರಳುಗಾಡಿನಲ್ಲಿ ರೈಲು, ಅಲೆಕ್ಸಾಂಡ್ರಿಯದಲ್ಲಿ ಮತ್ತೆ ಹಡಗು. 37 ದಿನ. ಅಕ್ಟೋಬರ್ 26ರ ಸಭೆಗೆ ಕಾಗದ ಬಂತು. ಅದೇ ಸಭೆಗೆ ಇಂಗ್ಲೆಂಡಿನ ನಾರ್ಮನ್ ಲಾಕಿಯರ್‌ನ ಸುದ್ದಿಯೂ ಬಂದಿತ್ತು: ಗ್ರಹಣವನ್ನೇ ನೋಡದೆ, ತನ್ನೂರಿನಲ್ಲೇ ಕೂತು, ಅಕ್ಟೋಬರ್ 20ರಂದು ಅವನೂ ಅದನ್ನೇ ಮಾಡಿದ್ದ. ಒಬ್ಬನ ಕಾಗದಕ್ಕೆ 37 ದಿನ, ಇನ್ನೊಬ್ಬನದಕ್ಕೆ ಆರು. ಯಾರು ಮೊದಲು ಎಂಬ ಜಗಳಕ್ಕೆ ಸಾಕಷ್ಟು ಸಾಮಗ್ರಿ ಇತ್ತು. ಫ್ರೆಂಚ್ ಸರ್ಕಾರ ಜಾಣತನದಿಂದ ಇಬ್ಬರ ಮುಖವನ್ನೂ ಒಂದೇ ಪದಕದ ಮೇಲೆ ಒತ್ತಿಸಿತು.

ಬೆಂಗಳೂರಿನಲ್ಲಿದ್ದ ಹರ್ಷೆಲ್ ಸುಮ್ಮನೆ ಕೂರಲಿಲ್ಲ. ಅವನೂ ಗ್ರಹಣವಿಲ್ಲದ ಸೂರ್ಯನ ಅಂಚಿಗೆ ರೋಹಿತದರ್ಶಕ ಹಿಡಿದು ಜ್ವಾಲೆಗಳನ್ನು ನೋಡತೊಡಗಿದ. 1869ರ ಜೂನ್ 12 ಮತ್ತು 15, ಎರಡು ತಾರೀಖು ಹಾಕಿ ತಂದೆಗೆ ಬರೆದ ಕಾಗದದ ಭಾಗಗಳು ರಾಯಲ್ ಸೊಸೈಟಿಯ ನಡಾವಳಿಯಲ್ಲಿ ಅಚ್ಚಾಗಿವೆ. ತಲೆಬರಹದಲ್ಲೇ ‘ಬೆಂಗಳೂರು’ ಇದೆ. ಆಗಿನ ಪದ್ಧತಿಯೇ ಹಾಗೆ. ಮಗ ಅಪ್ಪನಿಗೆ ಬರೆಯುತ್ತಾನೆ, ಅಪ್ಪ ಸೊಸೈಟಿಗೆ ದಾಟಿಸುತ್ತಾನೆ, ಸಭೆಯಲ್ಲಿ ಯಾರೋ ಓದುತ್ತಾರೆ, ಮನೆಮಾತು ಬಿಟ್ಟು ಉಳಿದದ್ದು ಅಚ್ಚಿಗೆ ಹೋಗುತ್ತದೆ. ನೀಹಾರಿಕೆಗಳ ಸುದ್ದಿ ಸೊಸೈಟಿಯ ಕಾರ್ಯದರ್ಶಿ ಸ್ಟೋಕ್ಸ್‌ಗೆ ಬರೆದ ಪತ್ರವಾಗಿ ಬಂತು. ಮಿಂಚನ್ನೂ ಬಿಡದೆ ಅದಕ್ಕೊಮ್ಮೆ ರೋಹಿತದರ್ಶಕ ಹಿಡಿದು ಸಾರಜನಕದ ಗೆರೆಗಳಿವೆ ಎಂದು ಬರೆದ. ಮಿಂಚಿರುವುದು ಕ್ಷಣಮಾತ್ರ, ಅಷ್ಟರಲ್ಲಿ ಗೆರೆ ಗುರುತಿಸುವುದೆಂದರೆ ಎಷ್ಟು ಸಂಜೆಗಳ ತಾಳ್ಮೆಯೋ. ಮೇಕ್ರಿ ಸರ್ಕಲ್ಲಿನ ಪಕ್ಕದಲ್ಲೇ ಈಗ ರಾಮನ್ ಸಂಶೋಧನಾ ಸಂಸ್ಥೆ ಇದೆ. ಬೆಳಕನ್ನು ಒಡೆದು ಗೆರೆ ಓದುವ ಕಸುಬು ಈ ಊರಿಗೆ ರಾಮನ್‌ಗಿಂತ ಬಹಳ ಮೊದಲೇ ಬಂದಿತ್ತು ಅನ್ನಲಿಕ್ಕೆ ಇಷ್ಟು ಹೇಳಿದೆ.

ಒಂದು ನಗೆಯ ಪ್ರಸಂಗವೂ ಇದೆ. ಒಂದು ಅಕ್ಟೋಬರ್, 17 ಮತ್ತು 18ನೇ ತಾರೀಖು, ಬೆಂಗಳೂರಿನಲ್ಲಿ ಸೂರ್ಯನನ್ನು ನೋಡುತ್ತಿದ್ದ ಹರ್ಷೆಲ್‌ಗೆ ಬಿಂಬದ ಮೇಲೆ ಕಪ್ಪು ನೆರಳುಗಳು ಹಾದುಹೋಗುವುದು ಕಂಡಿತು. ಬಿಂಬದಾಚೆ ಅವೇ ಬೆಳ್ಳಗೆ ಹೊಳೆಯುತ್ತಿದ್ದವು. ಒಂದಲ್ಲ ಎರಡಲ್ಲ, ಎಡೆಬಿಡದೆ ಎರಡು ದಿನ. ಉಲ್ಕೆಗಳ ಹಿಂಡೇ ಇರಬಹುದೇ? ದೂರದರ್ಶಕದ ನಾಭಿಯನ್ನು ಹಿಂದುಮುಂದು ಮಾಡಿ ಮಾಡಿ ನೋಡಿದ. ಕಡೆಗೆ ಅವುಗಳಲ್ಲೊಂದು ನಿಂತಿತು, ಗಾಳಿಯಲ್ಲಿ ತೂಗಾಡಿತು, ಭರ್ರೆಂದು ಹಾರಿತು. ಮಿಡತೆಯೋ ಅಂಥದೇ ಇನ್ನೊಂದು ಹುಳುವೋ ಎಂದು ಬರೆದು ಮುಗಿಸಿದ. ಅರ್ಧ ಶತಮಾನದ ಮೇಲೆ ಅಮೆರಿಕದ ಚಾರ್ಲ್ಸ್ ಫೋರ್ಟ್ ವಿಚಿತ್ರ ಘಟನೆಗಳ ಪುಸ್ತಕ ಬರೆಯುವಾಗ ಇದನ್ನು ಹೆಕ್ಕಿಕೊಂಡು, ಮಿಡತೆ ಅಂದರೆ ನಂಬಬೇಕೇ ಎಂದು ಗೊಣಗಿದ. ಕಣ್ಣಿಂದ ನೋಡಿದವನು ಹುಳು ಅಂದರೂ ಅದರಲ್ಲಿ ರಹಸ್ಯ ಹುಡುಕುವವರು ಆಗಲೂ ಇದ್ದರು.

ತಂತಿಯ ಕಾಲವೂ ಅದೇ. 1872ರ ನವೆಂಬರ್ 30ರಂದು ಜರ್ಮನಿಯ ಖಗೋಳಜ್ಞ ಕ್ಲಿಂಕರ್‌ಫ್ಯೂಸ್ ಮದರಾಸಿನ ಪಾಗ್ಸನ್‌ಗೆ ಒಂದು ತಂತಿ ಕೊಟ್ಟ. 27ರಂದು ಬೀಲಾ ಧೂಮಕೇತು ಭೂಮಿಗೆ ತಾಗಿ ಹೋಗಿದೆ, ಥೀಟಾ ಸೆಂಟಾರಿ ನಕ್ಷತ್ರದ ಬಳಿ ಹುಡುಕು ಎಂದು. ಮೋಡ, ಮಳೆ, ಆದರೂ ಮೋಡ ಹರಿದ ಒಂದು ಬೆಳಗಿನ ಜಾವ ಪಾಗ್ಸನ್‌ಗೆ ಧೂಮಕೇತು ಸಿಕ್ಕಿತು, ಮರುದಿನವೂ ಸಿಕ್ಕಿತು. ಆಮೇಲೆ ಲೆಕ್ಕ ಹಾಕಿದವರು ಅದು ಬೀಲಾ ಅಲ್ಲವೇ ಅಲ್ಲ ಎಂದರು. ತಪ್ಪು ವಿಳಾಸಕ್ಕೆ ಹೋದರೂ ಅಲ್ಲಿ ಯಾರೋ ಸಿಕ್ಕ ಹಾಗಾಯಿತು. ತಂತಿಗೆ ವೇಗ ಇತ್ತು. ‘ನನ್ನ ಉಪಕರಣದ ಮಟ್ಟಿಗೆ’ ಎಂದು ಸೇರಿಸಲು ಅದರಲ್ಲಿ ಜಾಗ ಇರಲಿಲ್ಲ.

ಈಗ ಖಲಾಸಿಗಳ ವಿಷಯ. ಪಟ್ಟಿ ಹೊತ್ತವರು, ಬೆಟ್ಟದ ತುದಿಯಲ್ಲಿ ರಾತ್ರಿಯಿಡೀ ದೀಪ ಹಿಡಿದವರು, ಜಮಖಂಡಿಯವರೆಗೆ ದೂರದರ್ಶಕದ ಪೆಟ್ಟಿಗೆಗಳನ್ನು ಸಾಗಿಸಿದವರು, ಇವರ ಹೆಸರು ಅಚ್ಚಾದ ಈ ಪತ್ರಗಳಲ್ಲಿ ಕಾಣುವುದಿಲ್ಲ. ಅವುಗಳಲ್ಲಿ ಬೆಂಗಳೂರು ಬರೀ ತಾರೀಖಿನ ಪಕ್ಕದ ಊರ ಹೆಸರು. ಅಲ್ಲಿ ಮಾತಿಲ್ಲ, ಜನವಿಲ್ಲ, ಪೇಟೆಯಿಲ್ಲ. 1868ರ ಮಾರ್ಚ್ 27ರಂದು ಮುಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡರು, ಇಡೀ ಸೀಮೆ ಶೋಕದಲ್ಲಿತ್ತು. ಈಟಾ ಆರ್ಗಸ್ ಬಗ್ಗೆ ಬರೆದವನಿಗೆ ಅದು ಬರೆಯುವ ವಿಷಯವಲ್ಲ. ತಪ್ಪೆನ್ನುತ್ತಿಲ್ಲ, ಅವನ ಕೆಲಸ ಅದಲ್ಲ. ನಾವು ಈ ಪತ್ರಗಳನ್ನು ನಮ್ಮವೆಂದು ಅಪ್ಪಿಕೊಳ್ಳುವಾಗ ಇದು ಗೊತ್ತಿರಲಿ ಅಂತ ಹೇಳಿದೆ.

ನಮ್ಮವರು ಬರೆಯಲಿಲ್ಲವೇ? ಬರೆದರು. ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿಗಳು ಪಂಚಾಂಗ ಕಟ್ಟುವ ಮನೆತನದವರು. ಪಾಗ್ಸನ್ ಕೈಕೆಳಗೆ ದುಡಿದವರು. 1867ರಲ್ಲಿ ಬೆಳಕು ಏರಿಳಿಯುವ ಒಂದು ಹೊಸ ನಕ್ಷತ್ರ ಗುರುತಿಸಿದರು, 1868ರ ಗ್ರಹಣಕ್ಕೆ ನಿಜಾಮರ ಸೀಮೆಯ ವನಪರ್ತಿಗೆ ಹೋದರು, 1872ರಲ್ಲಿ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯ ಫೆಲೋ ಆದ ಮೊದಲ ಭಾರತೀಯರು. ಅವರ ಬರಹಗಳಲ್ಲಿ ನನಗೆ ಹೆಚ್ಚು ರುಚಿಸುವುದು 1874ರ ಶುಕ್ರ ಸಂಕ್ರಮಣದ ಬಗ್ಗೆ ಬರೆದ ಕಿರುಪುಸ್ತಕ. ಒಬ್ಬ ಸಿದ್ಧಾಂತಿಯ ಜೊತೆ ಕೂತು ಮಾತಾಡಿದಂತೆ ಬರೆದದ್ದು: ಆತ ಕೇಳುತ್ತಾನೆ, ಇವರು ಹೇಳುತ್ತಾರೆ. ಲಂಡನ್ನಿಗೆ ಹೋಗುವ ಕಾಗದ ಅದಲ್ಲ. ಪಕ್ಕದ ಅಗ್ರಹಾರಕ್ಕೆ ಬರೆದದ್ದು. ಕಣ್ಣಿಗೆ ಕಂಡದ್ದಕ್ಕೆ ಲೆಕ್ಕ ಹೊಂದಬೇಕು ಎಂದು ದೃಗ್ಗಣಿತ ಪಂಚಾಂಗ ಹೊರಡಿಸಿದವರೂ ಇವರೇ. ಸೂರ್ಯಸಿದ್ಧಾಂತವೋ ದೃಗ್ಗಣಿತವೋ ಎಂಬ ಜಗಳ ನಮ್ಮ ಮಠಗಳಲ್ಲಿ, ಏಕಾದಶಿ ಯಾವತ್ತು ಎಂಬ ಗೊಂದಲದಲ್ಲಿ, ಇವತ್ತಿಗೂ ಮುಗಿದಿಲ್ಲ.

ಹರ್ಷೆಲ್ ಕಥೆಯ ಉಳಿದದ್ದು ಚುಟುಕಾಗಿ ಹೇಳಿಬಿಡುತ್ತೇನೆ. ತಂದೆ 1871ರ ಮೇ ತಿಂಗಳಲ್ಲಿ ತೀರಿಕೊಂಡರು. ಅದೇ ಡಿಸೆಂಬರಿನ ಗ್ರಹಣಕ್ಕೆ ಲಾಕಿಯರ್ ಸ್ವತಃ ಕಾಸರಗೋಡಿನ ಬೇಕಲ ಕೋಟೆಗೆ ಬಂದು ಇಳಿದ, ಹರ್ಷೆಲ್ ಮತ್ತು ಟೆನಂಟ್ ನೀಲಗಿರಿಯ ದೊಡ್ಡಬೆಟ್ಟ ಹತ್ತಿದರು. ಕಿತ್ತಳೆ ಗೆರೆ ಸೋಡಿಯಂನದಲ್ಲ, ಹೊಸ ಧಾತುವಿನದು ಎಂದು ಲಾಕಿಯರ್ ಆ ಹೊತ್ತಿಗೆ ವಾದ ಹೂಡಿಯಾಗಿತ್ತು, ನಂಬಿದವರು ಕಡಿಮೆ. 1895ರ ಮಾರ್ಚಿನಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ವಿಲಿಯಂ ರಾಮ್ಸೆ ಕ್ಲೀವೈಟ್ ಎಂಬ ಅದಿರಿನಿಂದ ಬಂದ ಅನಿಲವನ್ನು ಗಾಜಿನ ಕೊಳವೆಯಲ್ಲಿ ತುಂಬಿ, ಇದೇನು ನೋಡಿ ಹೇಳಿ ಎಂದು ಇನ್ನೊಬ್ಬ ರಸಾಯನಶಾಸ್ತ್ರಜ್ಞ ಕ್ರೂಕ್ಸ್‌ಗೂ ಲಾಕಿಯರ್‌ಗೂ ಕಳಿಸಿದ. ಹೀಲಿಯಂ ಎಂದು ಕ್ರೂಕ್ಸ್ ತಂತಿ ಕೊಟ್ಟ. ಅಷ್ಟರಲ್ಲಿ ಹರ್ಷೆಲ್ ಕರ್ನಲ್ ಆಗಿ ನಿವೃತ್ತನಾಗಿದ್ದ, ವಯಸ್ಸು 57.

ಜಮಖಂಡಿ ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಅದೇ ಬಾಗಲಕೋಟೆಯಲ್ಲಿ ಶಾಲಾ ಮೇಷ್ಟ್ರಾಗಿದ್ದವರು ವೆಂಕಟೇಶ ಬಾಪೂಜಿ ಕೇತ್ಕರ್. ಹುಟ್ಟಿದ್ದು 1854ರಲ್ಲಿ, ನರಗುಂದದಲ್ಲಿ. ಪಾಶ್ಚಾತ್ಯ ಗಣಿತ ಓದಿ ಸಂಸ್ಕೃತದಲ್ಲಿ ‘ಜ್ಯೋತಿರ್ಗಣಿತಮ್’ ಬರೆದವರು. 1911ರಲ್ಲಿ ಫ್ರಾನ್ಸಿನ ಖಗೋಳ ಸೊಸೈಟಿಯ ಬುಲೆಟಿನ್‌ನಲ್ಲಿ, ನೆಪ್ಚೂನ್ ಆಚೆ ಇನ್ನೂ ಗ್ರಹಗಳಿರಬೇಕು ಎಂದು ಲೆಕ್ಕ ಕೊಟ್ಟು ಒಂದಕ್ಕೆ ಬ್ರಹ್ಮ, ಇನ್ನೊಂದಕ್ಕೆ ವಿಷ್ಣು ಎಂದು ಹೆಸರಿಟ್ಟರು. ಬ್ರಹ್ಮನಿಗೆ ಅವರು ಕೊಟ್ಟ ಸುತ್ತಿನ ಅವಧಿ ಸುಮಾರು 242 ವರ್ಷ. 1930ರಲ್ಲಿ ಸಿಕ್ಕ ಪ್ಲೂಟೊದ್ದು 248. ಆದ್ದರಿಂದ ಪ್ಲೂಟೊವನ್ನು ನಮ್ಮ ಮೇಷ್ಟ್ರೇ ಮೊದಲು ಕಂಡಿದ್ದರು ಎಂಬ ಮಾತು ವಾಟ್ಸಾಪಿನಲ್ಲಿ ಆಗಾಗ ಸುತ್ತುತ್ತದೆ. ಹಾಗನ್ನಲು ಬರುವುದಿಲ್ಲ. ಗುರುಗ್ರಹದ ಚಂದ್ರಗಳಲ್ಲಿ ಕಾಣುವ ಒಂದು ತಾಳವನ್ನು ಹೊರಗಿನ ಗ್ರಹಗಳಿಗೂ ಹಚ್ಚಿ ಹಾಕಿದ ಲೆಕ್ಕ ಅದು, ಸಂಖ್ಯೆ ಹತ್ತಿರ ಬಂದದ್ದು ಕಾಕತಾಳೀಯ. ಬಾಗಲಕೋಟೆಯಿಂದ ಪ್ಯಾರಿಸ್ಸಿಗೆ ಅವರು ಕಳಿಸಿದ ಲೆಕ್ಕ ಮಾತ್ರ ಹೆಜ್ಜೆ ಹೆಜ್ಜೆಗೂ ಬಿಡಿಸಿಟ್ಟಂತಿದೆ. ಎಲ್ಲಿ ಊಹೆ, ಎಲ್ಲಿ ಗಣಿತ ಎಂದು ಓದುವವರು ಪರೀಕ್ಷಿಸಿಕೊಳ್ಳಬಹುದು. ಇಲ್ಲಿರುವ ಗಣಿತದ ವಿದ್ಯಾರ್ಥಿಗಳಲ್ಲಿ ಯಾರಾದರೂ ಅದನ್ನು ಕನ್ನಡಕ್ಕೆ ತಂದು, ಒಂದೊಂದೇ ಹೆಜ್ಜೆ ಪರೀಕ್ಷಿಸಿ, ಮುಂದಿನ ವರ್ಷದ ದತ್ತಿ ಉಪನ್ಯಾಸದಲ್ಲಿ ತೋರಿಸುವುದಾದರೆ ನಾನು ಮುಂದಿನ ಸಾಲಿನಲ್ಲಿ ಬಂದು ಕೂರುತ್ತೇನೆ.